ಗೊರೂರಿನ ಈಚಲ ಮರ, ನಮ್ಮಪ್ಪ ನೋಡಿದ ‘ಜೀವನ ಚೈತ್ರ’

ಹಾಸನದಲ್ಲಿ ಬಸ್ ಹತ್ತಿ ಗೊರೂರಿಗೆ ಟಿಕೆಟ್ ಕೇಳಿದರೆ ಪಕ್ಕದ ಸೀಟಿನವರ ಪ್ರಶ್ನೆ ಒಂದೇ. “ಡ್ಯಾಮ್ ನೋಡಕ್ಕಾ?” ಹೌದು ಸ್ವಾಮಿ, ಗೇಟು ತೆಗೆದಾಗ ಹೇಮಾವತಿಯನ್ನು ನೋಡಲು ಎರಡು ಕಣ್ಣು ಸಾಲದು. ಆದರೆ ಸಿನಿಮಾ ಹುಚ್ಚಿನ ನಮಗೆ ಗೊರೂರು ಅಂದರೆ ‘ಭೂತಯ್ಯನ ಮಗ ಅಯ್ಯು’. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಸಿದ್ಧಲಿಂಗಯ್ಯನವರು 1974ರಲ್ಲಿ ತೆರೆಗೆ ತಂದರು. ಲೋಕೇಶ್ ಅಯ್ಯು, ವಿಷ್ಣು ಗುಳ್ಳ... ಇವತ್ತು ಟಿವಿಯಲ್ಲಿ ಬಂದರೂ ಎದ್ದು ಹೋಗೋಕೆ ಮನಸ್ಸು ಬರಲ್ಲ!

ಈ ಸಲ ನಾನು ಹೋದದ್ದು ಡ್ಯಾಮಿಗೂ ಅಲ್ಲ, ಅಯ್ಯುವಿಗೂ ಅಲ್ಲ. ಹೆಂಡದ ಕಥೆ ಹುಡುಕಿಕೊಂಡು. ನಗಬೇಡಿ, ಕಾರಣ ಇದೆ.

ಟೀ ಅಂಗಡಿಯಲ್ಲಿ ಒಬ್ಬರು ಯಜಮಾನರು ಸಿಕ್ಕಿದರು. ಒಂದು ಕಾಲದಲ್ಲಿ ಈಚಲ ಮರ ಹತ್ತಿ ಸೇಂದಿ ಇಳಿಸಿದವರು.

“ಏನಪ್ಪಾ, ಕುಡಿಯಕ್ ಬಂದಿದ್ಯಾ, ಬರೆಯಕ್ ಬಂದಿದ್ಯಾ?”

“ಬರೆಯಕ್ಕೆ ತಾತ.”

“ಹಂಗಾದ್ರೆ ಕೂತ್ಕೊ.”

ಅವರು ಹೇಳಿದ್ದು ಇಷ್ಟು. ಸಂಜೆ ಮರದ ತಲೆಯ ಹತ್ತಿರ ಕೆತ್ತಿ ಮಡಕೆ ಕಟ್ಟಬೇಕು. ಬೆಳಗಿನ ಜಾವ ಇಳಿಸಿದರೆ ಸಿಹಿ ನೀರಾ. ಮಡಕೆಗೆ ಸುಣ್ಣ ಬಳಿಯದಿದ್ದರೆ ಬಿಸಿಲೇರುತ್ತಲೇ ತಾನಾಗೇ ನೊರೆ ಬಂದು ಹೆಂಡ. ಸಂಜೆಗೆ ಹುಳಿ. ಒಲೆ ಬೇಡ, ಮಿಷಿನ್ ಬೇಡ. ಒಂದು ವರ್ಷ ಈ ಮಗ್ಗುಲು ಕೆತ್ತಿದರೆ ಮುಂದಿನ ಸಲ ಆ ಮಗ್ಗುಲು. ಮರದ ಮೈಮೇಲಿನ ಕಚ್ಚು ಎಣಿಸಿದರೆ ಎಷ್ಟು ವರ್ಷ ಇಳಿಸಿದ್ದಾರೆ ಅಂತ ಗೊತ್ತಾಗುತ್ತದೆ!

ಈ ಮರಕ್ಕೂ ರಾಜಕೀಯ ಬಿಟ್ಟಿಲ್ಲ. 1939ರಲ್ಲಿ ಚಿತ್ರದುರ್ಗದ ಕಡೆ ತುರುವನೂರಿನಲ್ಲಿ ಈಚಲ ಮರ ಕಡಿದು ಜೈಲಿಗೆ ಹೋದವರು ನಿಜಲಿಂಗಪ್ಪನವರು. ಅವರೇ ಮುಖ್ಯಮಂತ್ರಿಯಾಗಿದ್ದಾಗ, 1967ರಲ್ಲಿ, ಪಾನನಿರೋಧ ಸಡಿಲವಾಯಿತು. ಯಾವ ಸಿನಿಮಾದಲ್ಲೂ ಇಂಥ ತಿರುವು ಸಿಗಲಾರದು.

1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿಯಿತು. ಶೆಟ್ಟಿಹಳ್ಳಿಯ ಚರ್ಚು ನೀರು ಪಾಲಾಯಿತು. ನೀರು ಕಾಲುವೆ ಹಿಡಿದು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಹರಿಯಿತು. ಕಾಲುವೆ ಬಂದಲ್ಲಿ ಭತ್ತ ಬಂತು, ಕಬ್ಬು ಬಂತು. ಕಬ್ಬು ಸಕ್ಕರೆಯಾದರೆ ಉಳಿಯುವುದು ಕಾಕಂಬಿ. ಕಾಕಂಬಿ ಕೊಳೆಸಿ ಭಟ್ಟಿ ಇಳಿಸಿದರೆ ಸ್ಪಿರಿಟ್. ಅದಕ್ಕೆ ನೀರು ಬೆರೆಸಿದರೆ ಸಾರಾಯಿ. ಹೆಂಡ ಇಳಿಸಿದವನ ಮುಖವನ್ನು ಕುಡಿಯುವವನು ಕಂಡಿದ್ದ. ಸಾರಾಯಿ ಪ್ಯಾಕೆಟ್ಟಿಗೆ ಮುಖವೇ ಇಲ್ಲ. ಯಾವುದೋ ಫ್ಯಾಕ್ಟರಿ, ಯಾರೋ ಹರಾಜು ಕೂಗಿದ ಕಂಟ್ರಾಕ್ಟರು.

ಈಗ ಕಾರಣ ಹೇಳುತ್ತೇನೆ. ನಮ್ಮ ತಾತ ಈ ಡ್ಯಾಮಿಗೆ ಮಣ್ಣು ಹೊತ್ತವನು. ಕೂಲಿ ಮುಗಿದ ಮೇಲೆ ಒಂದು ಮಡಕೆ ಹೆಂಡ, ಅಷ್ಟೇ. ಅಪ್ಪನದು ಪ್ಯಾಕೆಟ್. 1992ರಲ್ಲಿ ಅಣ್ಣಾವ್ರ ‘ಜೀವನ ಚೈತ್ರ’ ಬಂತಲ್ಲ, ಸಾರಾಯಿ ವಿರುದ್ಧ ಅಣ್ಣಾವ್ರು ಸಿಡಿದೆದ್ದ ಚಿತ್ರ. ಅದನ್ನು ನೋಡಿ ಎಷ್ಟೋ ಊರಿನ ಜನ ಸಾರಾಯಿ ಅಂಗಡಿ ಮುಚ್ಚಿಸಿದರು ಅಂತ ಈಗಲೂ ಹೇಳುತ್ತಾರೆ. ಅಪ್ಪನೂ ಅವ್ವನನ್ನು ಕರೆದುಕೊಂಡು ಹೋಗಿ ನೋಡಿದನಂತೆ. ಗೊಳೋ ಅಂತ ಅತ್ತನಂತೆ. ಆಚೆ ಬಂದವನು, “ಮನಸ್ಸಿಗೆ ಬಹಳ ಬೇಜಾರಾಯ್ತು ಕಣೆ” ಅಂತ ಎರಡು ಪ್ಯಾಕೆಟ್ ಹಾಕಿಕೊಂಡೇ ಮನೆಗೆ ಬಂದನಂತೆ!

ಅವ್ವ ಇದನ್ನು ನಗುತ್ತಲೇ ಹೇಳುತ್ತಿದ್ದಳು. ಆಮೇಲೆ ನಗುವುದನ್ನು ಬಿಟ್ಟಳು.

2004ರಲ್ಲಿ ಕರಾವಳಿ ಬಿಟ್ಟು ಬೇರೆ ಕಡೆ ಸೇಂದಿ ನಿಂತಿತು. ಹೊಳೆನರಸೀಪುರ ತಾಲೂಕಿನವರೇ ಆದ ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ, 2007ರ ಜುಲೈ 1ರಿಂದ, ಸಾರಾಯಿಯೂ ಬಂದ್. ನಾನಾಗ ನಾಲ್ಕನೇ ಕ್ಲಾಸು. ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಅಪ್ಪ ಕ್ವಾರ್ಟರ್ ಬಾಟಲಿಗೆ ಹೊರಳಿದ. ರೇಟು ಜಾಸ್ತಿ, ಸಾಲವೂ ಜಾಸ್ತಿ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟ ವರ್ಷವೇ ಅಪ್ಪ ಹೋದ.

ಯಜಮಾನರು ಎಲ್ಲ ಕೇಳಿಸಿಕೊಂಡು, “ಮರದ್ದೇನ್ ತಪ್ಪಪ್ಪ” ಅಂದರು. ಟೀ ದುಡ್ಡು ಕೊಡಲು ನನಗೆ ಬಿಡಲಿಲ್ಲ.

ಗೆಳೆಯರೇ, ಗೊರೂರಿಗೆ ಹೋಗಿ ಬನ್ನಿ. ಕಾಲುವೆ ನೋಡಿ, ಈಚಲ ಮರ ಸಿಕ್ಕರೆ ಕಚ್ಚು ಎಣಿಸಿ. ಇನ್ನೊಂದು ಮಾತು. ಅಣ್ಣಾವ್ರ ಸಿನಿಮಾ ನೋಡಿ ಅತ್ತರೆ ಸಾಲದು. ಥಿಯೇಟರಿನಿಂದ ಸೀದಾ ಮನೆಗೆ ಹೋಗಬೇಕು.