ಹದಿಮೂರನೇ ಪಿನ್: ಬೋಧನಾಭ್ಯಾಸದ ಒಂದು ಅನುಭವ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಮೊಳಕಾಲ್ಮೂರಿನ ಒಂದು ಪ್ರೌಢಶಾಲೆ. ನನ್ನ ವಾಸ ಚಳ್ಳಕೆರೆಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ, ತಳಕು, ಬಿ.ಜಿ.ಕೆರೆ ದಾಟುವಷ್ಟರಲ್ಲಿ ಅಂದಿನ ಪಾಠಯೋಜನೆಯನ್ನು ಇನ್ನೊಮ್ಮೆ ಓದಿ ಮುಗಿಸುವುದು ರೂಢಿಯಾಗಿತ್ತು. ಇಲ್ಲಿ ಬರೆಯುತ್ತಿರುವುದು ನನ್ನ ಸೋತ ಪಾಠವೊಂದರ ಬಗ್ಗೆ. ಅವಲೋಕನ ಪತ್ರದಲ್ಲಿ ಅದಕ್ಕೆ "ಉಪಕರಣವನ್ನು ತರಗತಿಯಲ್ಲೇ ಮುಂಚಿತವಾಗಿ ಪರೀಕ್ಷಿಸಬೇಕಿತ್ತು" ಎಂದು ಒಂದು ಸಾಲಿನ ಟಿಪ್ಪಣಿ ಇದೆ. ಟಿಪ್ಪಣಿ ನ್ಯಾಯವಾದದ್ದೇ. ಅದರಲ್ಲಿ ಬರದೇ ಹೋದ ಇನ್ನೊಂದು ತಪ್ಪು ನನಗೆ ಮಾತ್ರ ಗೊತ್ತಿತ್ತು, ಹಿಂದಿನ ಬೆಂಚಿನ ಒಬ್ಬ ಹುಡುಗನಿಗೂ ಗೊತ್ತಿತ್ತು.

ಹತ್ತನೇ ತರಗತಿಗೆ ವಿದ್ಯುಚ್ಛಕ್ತಿ ಘಟಕ ಮುಗಿದಿತ್ತು. 5ಇ ಮಾದರಿಯಲ್ಲಿ ವಿಸ್ತರಣೆಯ ಹಂತಕ್ಕೆ ಒಂದು ಚಟುವಟಿಕೆ ಬೇಕಿತ್ತು. ದಿನವೂ ನೋಡುವ ಬಸ್ಸಿನ ಹಣೆಯ ಮೇಲಿನ ಎಲ್‌ಇಡಿ ಫಲಕವನ್ನೇ ಆರಿಸಿಕೊಂಡೆ. ಊರಿನ ಹೆಸರು ಓಡುವ ಆ ಫಲಕದಲ್ಲಿ ನೂರಾರು ದೀಪಗಳಿರುತ್ತವೆ. ಒಂದೊಂದು ದೀಪಕ್ಕೂ ಒಂದೊಂದು ತಂತಿ ಎಳೆದಿರುತ್ತಾರೆಯೇ? ಇದು ನನ್ನ ಪೀಠಿಕಾ ಪ್ರಶ್ನೆ. ಉತ್ತರ ತೋರಿಸಲು ಒಂದು ಆರ್ಡುಯಿನೊ ಊನೊ ಬೋರ್ಡು, ಒಂದು ಬ್ರೆಡ್‌ಬೋರ್ಡು, ಎಂಟು ಕೆಂಪು ಎಲ್‌ಇಡಿ, ಮತ್ತು 74ಎಚ್‌ಸಿ595 ಎಂಬ ಹದಿನಾರು ಪಿನ್ನಿನ ಷಿಫ್ಟ್ ರಿಜಿಸ್ಟರ್ ಚಿಪ್ಪು ತಂದಿದ್ದೆ.

ಈ ಚಿಪ್ಪಿನ ಕೆಲಸ ಸರಳ. ಅದರೊಳಗೆ ಎಂಟು ಮನೆಗಳ ಒಂದು ಸಾಲಿದೆ. 14ನೇ ಪಿನ್ನಿನಲ್ಲಿ 0 ಅಥವಾ 1 ಕೊಟ್ಟು 11ನೇ ಪಿನ್ನಿಗೆ ಒಂದು ಮಿಡಿತ ಕೊಟ್ಟರೆ, ಹೊಸ ಅಂಕಿ ಮೊದಲ ಮನೆಗೆ ಬಂದು ಒಳಗಿದ್ದವೆಲ್ಲ ಒಂದೊಂದು ಮನೆ ಮುಂದೆ ಸರಿಯುತ್ತವೆ. ಬಸ್ಸಿಗೆ ಮೊದಲು ಹತ್ತಿದವರು ಹಿಂದಕ್ಕೆ ಹೋದ ಹಾಗೆ, ಮೊದಲು ಕೊಟ್ಟ ಅಂಕಿ ಕೊನೆಯ ಮನೆ ಸೇರುತ್ತದೆ. ಎಂಟೂ ತುಂಬಿದ ಮೇಲೆ 12ನೇ ಪಿನ್ನಿಗೆ ಮಿಡಿತ ಕೊಡಬೇಕು. ಆಗ ಆ ಎಂಟು ಅಂಕಿಗಳು ಒಟ್ಟಿಗೇ ಹೊರಬಾಗಿಲಿಗೆ ಬರುತ್ತವೆ, ದೀಪಗಳು ಅದರಂತೆ ಹೊತ್ತುತ್ತವೆ. ಹೀಗೆ ಆರ್ಡುಯಿನೊದಿಂದ ಬರುವ ಮೂರೇ ತಂತಿ ಎಂಟು ದೀಪಗಳನ್ನು ಆಳುತ್ತವೆ. ಚಿಪ್ಪಿನಿಂದ ಚಿಪ್ಪಿಗೆ ಜೋಡಿಸುತ್ತ ಹೋದರೆ ಅದೇ ಮೂರು ತಂತಿ ಹದಿನಾರನ್ನೂ ಆಳುತ್ತವೆ, ಇಪ್ಪತ್ತನಾಲ್ಕನ್ನೂ ಆಳುತ್ತವೆ.

ಓಮ್‌ನ ನಿಯಮಕ್ಕೂ ಇಲ್ಲಿ ಜಾಗವಿತ್ತು. ಈ ಚಿಪ್ಪಿನ ಮೂಲಕ ಒಟ್ಟಾರೆ 70 ಮಿಲಿಆಂಪಿಯರ್ ಮೀರಬಾರದು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಂಡರೆ ರೋಧಕಕ್ಕೆ ಉಳಿಯುವುದು 3 ವೋಲ್ಟ್. 220 ಓಮ್ ಹಾಕಿದರೆ ಒಂದು ದೀಪಕ್ಕೆ ಸುಮಾರು 13.6 ಮಿಲಿಆಂಪಿಯರ್, ಎಂಟಕ್ಕೆ 109. ಮಿತಿ ಮೀರಿತು. 470 ಓಮ್ ಹಾಕಿದರೆ ಎಂಟಕ್ಕೂ ಸೇರಿ ಸುಮಾರು 51. ಮಕ್ಕಳೇ ಈ ಲೆಕ್ಕ ಮಾಡಿ ರೋಧಕವನ್ನು ಆರಿಸಬೇಕು ಎಂಬುದು ನನ್ನ ಯೋಜನೆ. ಆ ಭಾಗ ಚೆನ್ನಾಗಿಯೇ ನಡೆಯಿತು.

ಹಿಂದಿನ ರಾತ್ರಿ ಚಳ್ಳಕೆರೆಯ ನನ್ನ ಕೋಣೆಯಲ್ಲಿ ಇದೆಲ್ಲ ಸರಿಯಾಗಿ ಓಡಿತ್ತು. ದೀಪ ಎಡದಿಂದ ಬಲಕ್ಕೆ ಒಂದೊಂದಾಗಿ ಸರಿದಿತ್ತು. ಬ್ರೆಡ್‌ಬೋರ್ಡನ್ನು ಊಟದ ಡಬ್ಬಿಯಲ್ಲಿ ಬಟ್ಟೆ ಸುತ್ತಿ ತಂದಿದ್ದೆ. ತರಗತಿಯಲ್ಲಿ ಮಾರ್ಗದರ್ಶಕ ಶಿಕ್ಷಕರು ಮತ್ತು ನಮ್ಮ ಕಾಲೇಜಿನ ಮೇಲ್ವಿಚಾರಕರು ಹಿಂದೆ ಕುಳಿತಿದ್ದರು. ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿ, ಬೋರ್ಡನ್ನು ಜೋಡಿಸಿ, ಮಕ್ಕಳನ್ನು ಮೇಜಿನ ಸುತ್ತ ಕರೆದೆ. ದೀಪಗಳು ಹುಚ್ಚಾಪಟ್ಟೆ ಮಿನುಗಿದವು, ಎಲ್ಲ ಆರಿದವು, ಮತ್ತೆ ಅರ್ಧಂಬರ್ಧ ಹೊತ್ತಿದವು.

ಬಸ್ಸಿನ ಕುಲುಕಾಟಕ್ಕೆ ತಂತಿ ಸಡಿಲವಾಗಿದೆ ಎಂದುಕೊಂಡು ಒಂದೊಂದನ್ನೂ ಒತ್ತಿದೆ. ಆಗಲಿಲ್ಲ. ಪ್ರೋಗ್ರಾಮನ್ನು ಮತ್ತೆ ಹಾಕಿದೆ. ಆಗಲಿಲ್ಲ. ಬೆವರು ಬರತೊಡಗಿತು. ಆಗ ಒಬ್ಬ ಹುಡುಗ ಮೇಜಿನ ಅಂಚಿನಿಂದ ಕೈ ಚಾಚಿ, "ಮಿಸ್, ಕೈ ಹತ್ರ ತಂದ್ರೆ ಲೈಟು ಕುಣಿತಾವೆ, ದೂರ ತಗಂಡ್ರೆ ನಿಲ್ತಾವೆ" ಎಂದ. ಇನ್ನೊಮ್ಮೆ ಕೈ ತಂದು ತೋರಿಸಲು ಹೊರಟ. ನಾನು, "ಮುಟ್ಟಬೇಡ! ನೀನು ಮುಟ್ಟಿದ್ದಕ್ಕೇ ಹೀಗಾಗಿದ್ದು, ಹೋಗಿ ಕೂತ್ಕೊ" ಎಂದೆ. ಅವನು ಮುಟ್ಟಿರಲೇ ಇಲ್ಲ. ಹುಡುಗರು ನಕ್ಕರು. ಅವನು ಹೋಗಿ ಕುಳಿತ. ಉಳಿದ ಹದಿನೈದು ನಿಮಿಷವನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಮುಗಿಸಿದೆ.

ಅಂದು ರಾತ್ರಿ ಕೋಣೆಯಲ್ಲಿ ಬೋರ್ಡನ್ನು ಜೋಡಿಸಿದರೆ ದೀಪಗಳು ಮತ್ತೆ ಸರಿಯಾಗಿ ಓಡಿದವು! ಸಿಟ್ಟು ಬಂತು. ಬಿ.ಎಸ್ಸಿ. ಓದುವಾಗ ಪ್ರಯೋಗಾಲಯದಲ್ಲಿ ಕಲಿತದ್ದೊಂದು ನೆನಪಾಯಿತು: ಎಲ್ಲವನ್ನೂ ಒಟ್ಟಿಗೇ ಅನುಮಾನಿಸಬಾರದು, ಒಂದೊಂದೇ ಭಾಗವನ್ನು ಪರೀಕ್ಷಿಸಿ "ಇದು ಸರಿ" ಎಂದು ಬರೆದಿಡಬೇಕು. ಮಲ್ಟಿಮೀಟರ್ ತೆಗೆದೆ. 16 ಮತ್ತು 8ನೇ ಪಿನ್‌ಗಳ ನಡುವೆ 5 ವೋಲ್ಟ್‌ಗೆ ತುಸು ಕಡಿಮೆ. ವಿದ್ಯುತ್ ಪೂರೈಕೆ ಸರಿ. ಎಂಟೂ ಎಲ್‌ಇಡಿಗಳನ್ನು ರೋಧಕದ ಮೂಲಕ ನೇರವಾಗಿ 5 ವೋಲ್ಟ್‌ಗೆ ಮುಟ್ಟಿಸಿದೆ; ಎಲ್ಲ ಹೊತ್ತಿದವು. ಮಿಡಿತಗಳ ನಡುವೆ ಒಂದೊಂದು ಸೆಕೆಂಡು ಬಿಡುವಂತೆ ಪ್ರೋಗ್ರಾಮನ್ನು ನಿಧಾನ ಮಾಡಿ, ಆರ್ಡುಯಿನೊದ ಮೂರೂ ತಂತಿಗಳಿಗೆ ಒಂದೊಂದು ಎಲ್‌ಇಡಿ ಹಚ್ಚಿ ನೋಡಿದೆ, ಸಂಕೇತ ಬರುತ್ತಿತ್ತು. ಇಷ್ಟಾದರೂ ದೋಷ ಕಾಣಲಿಲ್ಲ, ಏಕೆಂದರೆ ದೋಷ ಆ ಹೊತ್ತಿಗೆ ತಲೆ ಎತ್ತಿರಲೇ ಇಲ್ಲ.

ಶಾಲೆಯಲ್ಲಿ ಬೇರೆ ಏನಿತ್ತು? ಚಾರ್ಜರ್ ಇತ್ತು. ಸುತ್ತ ಮಕ್ಕಳಿದ್ದರು. ಹುಡುಗನ ಮಾತು ಆಗ ನೆನಪಾಯಿತು. ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿ ಕೈಯನ್ನು ಚಿಪ್ಪಿನ ಹತ್ತಿರ ತಂದೆ. ದೀಪಗಳು ಕುಣಿದವು. ಕೈ ತೆಗೆದೆ, ನಿಂತವು.

ಈಗ ದೋಷ ಕೈಗೆ ಸಿಕ್ಕಿತ್ತು, ಜಾಗ ಗೊತ್ತಾಗಬೇಕಿತ್ತು. ಈ ಚಿಪ್ಪಿನ 9ನೇ ಪಿನ್ನು ಕೊನೆಯ ಮನೆಯ ಅಂಕಿಯನ್ನು ಮುಂದಿನ ಚಿಪ್ಪಿಗೆ ದಾಟಿಸಲು ಇರುವಂಥದ್ದು. ಅದು ಹೊರಬಾಗಿಲನ್ನು ಹಾಯದೆ ನೇರವಾಗಿ ಒಳಸಾಲಿನಿಂದ ಬರುತ್ತದೆ. ಅಲ್ಲಿಗೊಂದು ಎಲ್‌ಇಡಿ ಹಚ್ಚಿದೆ. ಉಳಿದ ಎಂಟು ದೀಪ ಕುಣಿಯುತ್ತಿದ್ದಾಗಲೂ ಇದೊಂದು ಮಾತ್ರ ಎಂಟೆಂಟು ಮಿಡಿತಕ್ಕೆ ಶಿಸ್ತಾಗಿ ಹೊತ್ತುತ್ತಿತ್ತು. ಅಂದರೆ ಅಂಕಿಗಳು ಒಳಗೆ ಸರಿಯಾಗಿಯೇ ಸರಿಯುತ್ತಿವೆ, ಕೆಡುತ್ತಿರುವುದು ಹೊರಬಾಗಿಲಿನಲ್ಲಿ. ಹೊರಬಾಗಿಲಿಗೆ ಸಂಬಂಧಿಸಿದ ಪಿನ್‌ಗಳು ಎರಡೇ, 12 ಮತ್ತು 13. 12ಕ್ಕೆ ತಂತಿ ಇತ್ತು. 13ಕ್ಕೆ ಇರಲಿಲ್ಲ.

ನಕ್ಷೆಯಲ್ಲಿ 13ನೇ ಪಿನ್ನಿನ ಹೆಸರು ಓಇ, ಅದರ ಮೇಲೊಂದು ಅಡ್ಡಗೆರೆ. ಹೊರಬಾಗಿಲನ್ನು ತೆರೆದಿಡುವ ಪಿನ್ನು ಅದು. ಮೇಲಿನ ಗೆರೆಯ ಅರ್ಥ, ಇಲ್ಲಿ 0 ಇದ್ದಾಗ ಮಾತ್ರ ಬಾಗಿಲು ತೆರೆಯುತ್ತದೆ ಎಂದು. ಆದ್ದರಿಂದ ಅದನ್ನು ಭೂಸಂಪರ್ಕದ ಸಾಲಿಗೆ ಸೇರಿಸಲೇಬೇಕು. ನಕ್ಷೆಯನ್ನು ಪುಸ್ತಕಕ್ಕೆ ಇಳಿಸಿಕೊಳ್ಳುವಾಗ ನಾನು ಗೆರೆಯನ್ನೂ ಬಿಟ್ಟಿದ್ದೆ, ತಂತಿಯನ್ನೂ ಬಿಟ್ಟಿದ್ದೆ. ಯಾವುದಕ್ಕೂ ಸೇರದ ಪಿನ್ನು 0 ಅಲ್ಲ, 1 ಅಲ್ಲ; ಗಾಳಿಯಲ್ಲಿ ತೇಲುತ್ತಿರುತ್ತದೆ. ಈ ಜಾತಿಯ ಚಿಪ್ಪಿನ ಒಳಪಿನ್ನುಗಳಿಗೆ ವಿದ್ಯುತ್ ಪ್ರವಾಹ ಬೇಕಾಗುವುದು ಅತ್ಯಲ್ಪ. ಹತ್ತಿರ ಬಂದ ಕೈಯ ಆವೇಶ, ಗೋಡೆಯ ವೈರಿಂಗಿನ 50 ಹರ್ಟ್ಸ್ ಗುಂಗು, ಯಾವುದಾದರೂ ಸಾಕು, ಅದು ಅತ್ತಿತ್ತ ವಾಲಲು. ಕೋಣೆಯಲ್ಲಿ ಬ್ಯಾಟರಿಯ ಮೇಲೆ ಒಬ್ಬಳೇ ಕೂತು ಓಡಿಸಿದಾಗ ಅದು ಅದೃಷ್ಟಕ್ಕೆ 0 ಕಡೆ ವಾಲಿತ್ತು, ಅಷ್ಟೆ.

ಇನ್ನೊಂದು ವಿಚಿತ್ರವೂ ಕಂಡಿತು. 13ನೇ ಪಿನ್ನಿಗೂ ಭೂಸಂಪರ್ಕಕ್ಕೂ ನಡುವೆ ಮಲ್ಟಿಮೀಟರ್ ಹಿಡಿದ ತಕ್ಷಣ ದೀಪಗಳು ಸರಿಯಾದವು! ಮೀಟರಿನ ಒಳಗಿನ ದೊಡ್ಡ ರೋಧವೇ ಪಿನ್ನನ್ನು 0 ಕಡೆ ಎಳೆಯಲು ಸಾಕಾಗಿತ್ತು. ಅಳೆಯಲು ಹೋದರೆ ಕಾಯಿಲೆಯೇ ಮಾಯ. ಪಕ್ಕದಲ್ಲಿ ನಿಂತಾಗ ಲೆಕ್ಕ ಸರಿ ಮಾಡಿ, ಅತ್ತ ಸರಿದ ಕೂಡಲೇ ತಪ್ಪುವ ಮಕ್ಕಳು ನಮ್ಮ ತರಗತಿಗಳಲ್ಲೂ ಇದ್ದಾರಲ್ಲ.

13ರಿಂದ ಭೂಸಂಪರ್ಕಕ್ಕೆ ಬೆರಳುದ್ದದ ಒಂದು ತಂತಿ ಹಾಕಿದೆ. ಕೈ ತಂದರೂ, ಚಾರ್ಜರ್ ಹಾಕಿದರೂ ದೀಪ ಅಲುಗಲಿಲ್ಲ. ಸಂತೋಷವಾಗಬೇಕಿತ್ತು. ಆದರೆ ಆ ತರಗತಿಯಲ್ಲಿ ನಿಜವಾದ ಅವಲೋಕನ ಮಾಡಿದ್ದು ಒಬ್ಬನೇ, ಅವನನ್ನೇ ನಾನು ಗದರಿಸಿ ಕೂರಿಸಿದ್ದೆ. ಕಾರಣ ಬದಲಿಸಿದರೆ ಪರಿಣಾಮ ಹೇಗೆ ಬದಲಾಗುತ್ತದೆ ಎಂದು ಅವನು ಎರಡು ಸಲ ಮಾಡಿ ನೋಡಿ ಹೇಳಿದ್ದ. ವಿಜ್ಞಾನ ಬೋಧನೆಯ ಗುರಿ ಎಂದು ಪಾಠಯೋಜನೆಯ ಮೊದಲ ಪುಟದಲ್ಲಿ ನಾನೇ ಬರೆದಿದ್ದು ಅದನ್ನೇ.

ಮಾರ್ಗದರ್ಶಕ ಶಿಕ್ಷಕರ ಬಳಿ ಎಲ್ಲವನ್ನೂ ಹೇಳಿ, ಇನ್ನೊಂದು ಅವಧಿ ಕೇಳಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಐಐಎಸ್‌ಸಿ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ನಡೆಯುವ ತರಬೇತಿಗೆ ಅವರು ಹೋಗಿ ಬಂದವರು. "ಸರಿಯಾಗಿರೋದನ್ನ ತೋರಿಸ್ಬೇಡಮ್ಮ, ಕೆಟ್ಟಿರೋದನ್ನೇ ತಗೊಂಡ್ ಬಾ. ಹುಡುಕ್ಲಿ" ಎಂದರು.

ತರಗತಿ ಶುರುವಾದಾಗ ಮೊದಲು ಎಲ್ಲರ ಮುಂದೆ ಹೇಳಿದೆ: "ಅವತ್ತು ಇವನು ಏನನ್ನೂ ಮುಟ್ಟಿರಲಿಲ್ಲ. ಇವನು ಹೇಳಿದ್ದೇ ಸರಿ, ನಾನು ಕೇಳಿಸಿಕೊಳ್ಳಲಿಲ್ಲ. ತಪ್ಪು ನನ್ನದು." ಅವನು ತಲೆ ತಗ್ಗಿಸಿ "ಪರ್ವಾಗಿಲ್ಲ ಮಿಸ್" ಎಂದ. ನಂತರ ಹಲಗೆಯ ಮೇಲೆ ಎರಡು ಸಾಲು ಬರೆದೆ. ಗೋಡೆಯ ಪ್ಲಗ್ಗಿನ 230 ವೋಲ್ಟ್: ಎಂದೂ ಮುಟ್ಟಬಾರದು. ಈ ಬೋರ್ಡಿನ 5 ವೋಲ್ಟ್: ಯುಎಸ್‌ಬಿಯ ಲೋಹದ ಭಾಗವನ್ನು ಮೊದಲು ಮುಟ್ಟಿ, ಆಮೇಲೆ ಮುಟ್ಟಬಹುದು. ಭಯಕ್ಕೆ "ಮುಟ್ಟಬೇಡ" ಎನ್ನುವುದಕ್ಕೂ ಕಾರಣ ತಿಳಿದು ಹೇಳುವುದಕ್ಕೂ ಇರುವ ಅಂತರ ನನಗೇ ಆಗ ಸ್ಪಷ್ಟವಾಯಿತು. ಚಾರ್ಜರ್ ತೆಗೆದು, 13ರ ತಂತಿ ಕಿತ್ತು, ಬೋರ್ಡನ್ನು ಅವರ ಕೈಗೆ ಕೊಟ್ಟೆ. ಎಂಟು ಜನ ಸಾಲಾಗಿ ನಿಂತು 0, 1 ಬರೆದ ಚೀಟಿಗಳನ್ನು ಪಕ್ಕಕ್ಕೆ ದಾಟಿಸುವ ಆಟವನ್ನೂ ಆಡಿಸಿದೆ.

ಆಟದ ನಡುವೆ ಅದೇ ಹುಡುಗ ಬಾಯಿ ಬಿಟ್ಟ. ಅವನ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗವಿದೆ. "ಇದು ನಮ್ಮ ಜಕಾರ್ಡ್ ಕಾರ್ಡ್ ಇದ್ದಂಗೆ ಮಿಸ್. ತೂತಿದ್ದ ಕಡೆ ದಾರ ಏಳ್ತತೆ, ಇಲ್ದಿದ್ ಕಡೆ ಏಳಲ್ಲ. ಕಾರ್ಡು ಬಂದು ಕೂತ್ರೂ ಕಾಲಲ್ಲಿ ತುಳಿಯೋ ತನಕ ಏನೂ ಆಗಲ್ಲ." ತುಳಿಯುವುದೇ 12ನೇ ಪಿನ್ನಿನ ಮಿಡಿತ! ನನ್ನ ಬಸ್ಸಿನ ಉದಾಹರಣೆಯಲ್ಲಿ ಅದು ಇರಲಿಲ್ಲ. ನಾನು ಹಲಗೆಯ ಮೇಲೆ ಬರೆಯುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ತಡೆದಳು: "ಕಾರ್ಡಲ್ಲಿ ತೂತೆಲ್ಲ ಒಂದೇ ಸಲ ಬರ್ತಾವೆ, ಇಲ್ಲಿ ಒಂದೊಂದೇ ಬರ್ತಾವಲ್ಲ?" ಅವಳದೂ ಸರಿ. ಸರಿಯುವುದಕ್ಕೆ ಬಸ್ಸು, ಒಟ್ಟಿಗೇ ಹೊರಬರುವುದಕ್ಕೆ ಮಗ್ಗ ಎಂದು ಎರಡನ್ನೂ ಇಟ್ಟುಕೊಂಡೆವು. 13ನೇ ಪಿನ್ನಿನ ದೋಷವನ್ನು ಮೂರು ಗುಂಪುಗಳಲ್ಲಿ ಎರಡು ಗುಂಪು ತಾವೇ ಕಂಡುಹಿಡಿದವು.

ಸಹ ಪ್ರಶಿಕ್ಷಣಾರ್ಥಿಗಳಿಗೆ ನಾನು ಹೇಳಬಹುದಾದದ್ದು ಇಷ್ಟು. ಅವಲೋಕಕರು ಹಿಂದೆ ಕುಳಿತಾಗ ನಮ್ಮ ಕಣ್ಣು ಅವರ ಪೆನ್ನಿನ ಮೇಲಿರುತ್ತದೆ, ಮಕ್ಕಳ ಮಾತು ಅಡ್ಡಿಯಂತೆ ಕೇಳುತ್ತದೆ. ಉಪಕರಣ ಕೈಕೊಟ್ಟಾಗ "ನಿಮಗೇನು ಕಾಣ್ತಿದೆ?" ಎಂದು ಒಮ್ಮೆ ಕೇಳಿದ್ದರೆ ಅಂದಿನ ಪಾಠ ಅಂದೇ ಉಳಿಯುತ್ತಿತ್ತು. ಮಗುವಿನ ತಪ್ಪು ಉತ್ತರಕ್ಕೂ 9ನೇ ಪಿನ್ನಿನಂಥ ಒಂದು ಪರೀಕ್ಷೆ ಬೇಕು: ಒಳಗಿನ ಯೋಚನೆ ಸರಿಯಿದ್ದು ಹೇಳುವಲ್ಲಿ ಮಾತ್ರ ಕೆಟ್ಟಿದೆಯೇ, ಅಥವಾ ಯೋಚನೆಯೇ ಕೆಟ್ಟಿದೆಯೇ? ಎರಡಕ್ಕೂ ಮದ್ದು ಬೇರೆ.

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಬೋಧನೋಪಕರಣ, ಮೌಲ್ಯಮಾಪನ ಎಂಬ ಅಂಕಣಗಳಿವೆ. ಈಗ ನಾನು ಬಲಗಡೆ ಪೆನ್ಸಿಲಿನಲ್ಲಿ ಇನ್ನೊಂದು ಗೆರೆ ಎಳೆದುಕೊಂಡು "ಮಕ್ಕಳು ಗಮನಿಸಿದ್ದು" ಎಂದು ಬರೆದುಕೊಳ್ಳುತ್ತಿದ್ದೇನೆ. ಅದನ್ನು ಪಾಠಕ್ಕೆ ಮೊದಲು ತುಂಬಲು ಬರುವುದಿಲ್ಲ.