ಹನ್ನೆರಡು ಚೆಲ್ಲೊ, ಒಂದು ಹುಟ್ಟುಹಬ್ಬ

ಅಕೌಂಟೆನ್ಸಿ ಟೆಕ್ಸ್ಟ್‌ಬುಕ್ ಬರೆದವರ ಹೆಸರು ನಿಮಗೆ ಬಾಯಿಪಾಠ ಇರುತ್ತೆ. ಆ ಮನುಷ್ಯ ಸಂಜೆ ಹೊತ್ತು ಪದ್ಯ ಬರೀತಿದ್ರಾ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ಯೂಲಿಯಸ್ ಕ್ಲೆಂಗೆಲ್ ಕಥೆ ಹೆಚ್ಚುಕಡಿಮೆ ಹಾಗೇ. ಚೆಲ್ಲೊ ಕಲಿಯೋರು ಇವತ್ತಿಗೂ ಅವರ ಅಭ್ಯಾಸಪಾಠಗಳನ್ನ ನುಡಿಸಿ ನುಡಿಸಿ ಬೆರಳು ಸವೆಸ್ತಾರೆ. ಅವರ ಸಂಗೀತವನ್ನ ಸುಮ್ಮನೆ ಖುಷಿಗೆ ಕೇಳೋರು ಕಡಿಮೆ.

(ಚೆಲ್ಲೊ ಅಂದ್ರೆ ಪಿಟೀಲಿನ ದೊಡ್ಡಣ್ಣ. ಕುರ್ಚಿ ಮೇಲೆ ಕೂತು, ಮಂಡಿಗಳ ಮಧ್ಯೆ ನಿಲ್ಲಿಸಿಕೊಂಡು, ಕಮಾನಿನಿಂದ ನುಡಿಸೋದು.)

ಕ್ಲೆಂಗೆಲ್ ಹುಟ್ಟಿದ್ದು 1859ರಲ್ಲಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಹದಿನೈದಕ್ಕೇ ಅಲ್ಲಿನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾ ಸೇರಿದರು. 1881ರಿಂದ 1924ರ ತನಕ ಅಲ್ಲೇ ಮುಖ್ಯ ಚೆಲ್ಲೊ ವಾದಕ. ಒಂದೇ ಕುರ್ಚಿ, 43 ವರ್ಷ! ಪ್ಯಾಟಿಗೋರ್ಸ್ಕಿ, ಫಾಯರ್‌ಮನ್ ಥರದ ದೊಡ್ಡ ವಾದಕರು ಅವರ ಹತ್ತಿರ ಕಲಿತವರು. ಶಿಷ್ಯರ ಹೆಸರು ಗುರುವಿಗಿಂತ ದೂರ ಹೋಯ್ತು.

1920ರಲ್ಲಿ ಆ ಆರ್ಕೆಸ್ಟ್ರಾದ ಕಂಡಕ್ಟರ್ (ಬಸ್ಸಿನದಲ್ಲಪ್ಪ) ಆರ್ಥರ್ ನಿಕಿಶ್ ಅವರಿಗೆ 65 ತುಂಬಿತು. ಆ ಹುಟ್ಟುಹಬ್ಬಕ್ಕೆ ಕ್ಲೆಂಗೆಲ್ ಬರೆದದ್ದು ‘ಹಿಮ್ನಸ್’. ಪಿಯಾನೊ ಇಲ್ಲ, ಕೊಳಲಿಲ್ಲ, ಬರೀ ಹನ್ನೆರಡು ಚೆಲ್ಲೊ.

ಒಂದೇ ವಾದ್ಯ ಹನ್ನೆರಡು ಇದ್ರೆ ಬೋರ್ ಆಗಲ್ವಾ? ಆಗಲ್ಲ. ಚೆಲ್ಲೊದ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 65 ಕಂಪನ, ಕಿವಿಗಿಂತ ಎದೆಗೆ ಮೊದಲು ತಾಗುತ್ತೆ. ಹೆಬ್ಬೆರಳನ್ನೂ ತಂತಿ ಮೇಲಿಟ್ಟು ಮೇಲೇರಿದ್ರೆ ಹೆಣ್ಣುದನಿಯ ಎತ್ತರಕ್ಕೂ ಹೋಗುತ್ತೆ. ಒಂದು ಇಡೀ ಗಾಯನವೃಂದ ಅದರೊಳಗೇ ಇದೆ. ಆದರೂ ಎಲ್ಲ ಒಂದೇ ಮನೆಯ ದನಿ. ಫೋನಲ್ಲಿ ಅಣ್ಣನ ದನಿಯನ್ನ ತಮ್ಮಂದು ಅಂದ್ಕೊಳ್ತೀವಲ್ಲ, ಆ ಥರ. ಯಾರು ಶುರು ಮಾಡಿದ್ರು, ಯಾರು ಮುಂದುವರಿಸಿದ್ರು, ಹಿಡಿಯೋಕೇ ಆಗಲ್ಲ.

ಆ ಹೊತ್ತಿಗೆ ಈ ಶೈಲಿ ಹಳೇದಾಗಿತ್ತು. ಶೋನ್‌ಬರ್ಗ್ ಥರದವರು ಶ್ರುತಿಯ ಆಸರೆಯನ್ನೇ ಬಿಟ್ಟು ಮುಂದೆ ಹೋಗಿದ್ರು. 61ರ ಕ್ಲೆಂಗೆಲ್ ಮಾತ್ರ ತಮ್ಮ ಯೌವನದ ಭಾಷೆಯಲ್ಲೇ ಬರೆದರು. ನನಗಂತೂ ಅದು ಸೋಮಾರಿತನ ಅನ್ಸಲ್ಲ. ಹಳೇ ಸ್ನೇಹಿತನಿಗೆ ಉಡುಗೊರೆ ಕೊಡುವಾಗ ಟ್ರೆಂಡ್ ಯಾರು ನೋಡ್ತಾರೆ?

1922ರ ಜನವರಿಯಲ್ಲಿ ನಿಕಿಶ್ ತೀರಿಕೊಂಡರು. 1933ರಲ್ಲಿ ಕ್ಲೆಂಗೆಲ್. ನಂತರ 1972ರಲ್ಲಿ ಬರ್ಲಿನ್ ಫಿಲ್‌ಹಾರ್ಮನಿಕ್‌ನ ಚೆಲ್ಲೊ ವಾದಕರು ಆಸ್ಟ್ರಿಯಾದ ರೇಡಿಯೊಗಾಗಿ ಇದೇ ಕೃತಿ ನುಡಿಸಿದರು. (ಬರ್ಲಿನ್‌ನಲ್ಲೂ ಒಂದು ಕಾಲಕ್ಕೆ ನಿಕಿಶ್ ಅವರೇ ಕಂಡಕ್ಟರ್!) ಅಲ್ಲಿಂದ ಆ ಹನ್ನೆರಡು ಜನ ಒಂದು ತಂಡವೇ ಆದ್ರು. ಹನ್ನೆರಡು ಚೆಲ್ಲೊಗೆ ಅಂತ ಬರೆದ ಸಂಗೀತ ತುಂಬಾ ಕಡಿಮೆ. ಹಾಗಾಗಿ ಬೇರೆಯವರ ಕೃತಿಗಳನ್ನ ತಮಗೆ ಹೊಂದಿಸಿಕೊಂಡರು, ಹೊಸದಾಗಿ ಬರೆಸಿದರು. ಬೀಟಲ್ಸ್ ಹಾಡುಗಳನ್ನೂ ಬಿಡಲಿಲ್ಲ.

ಕೇಳೋದಾದ್ರೆ ದಯವಿಟ್ಟು ಫೋನ್ ಸ್ಪೀಕರಲ್ಲಿ ಬೇಡ, ಕೆಳಗಿನ ದನಿ ಅದರಲ್ಲಿ ಬರೋದೇ ಇಲ್ಲ. ಇಯರ್‌ಫೋನ್ ಹಾಕ್ಕೊಳ್ಳಿ. ಮೊದಲ ಸಲ ಸುಮ್ಮನೆ ಕೇಳಿ. ಎರಡನೇ ಸಲ ಮೇಲಿನ ರಾಗ ಬಿಟ್ಟು, ಎಲ್ಲಕ್ಕಿಂತ ಕೆಳಗಿರೋ ಒಂದು ಚೆಲ್ಲೊವನ್ನ ಮಾತ್ರ ಹಿಂಬಾಲಿಸಿ. ಎಲ್ಲಿ ಕೈತಪ್ಪಿ ಹೋಯ್ತು ಅಂತ ಕಮೆಂಟಲ್ಲಿ ಹೇಳಿ.