ಸುಣ್ಣ ಹೊದ್ದ ಹುಳು

ನಗರದ ಮದುವೆಮನೆಯಲ್ಲಿ ರೇಷ್ಮೆಯ ಸೆರಗು ಸರಿಪಡಿಸಿಕೊಳ್ಳುವ ಗೃಹಿಣಿಗೆ ಹನೂರಿನ ಕಡೆಯ ಹುಳುಮನೆಯ ನೆನಪು ಬರುವುದುಂಟೆ? ಬರಲಾರದು. ಆದರೂ ಆ ಸೆರಗಿನ ಹಿಂದೆ ಯಾವಳೋ ಒಬ್ಬ ಹೆಣ್ಣುಮಗಳ ನಿದ್ದೆಗೆಟ್ಟ ರಾತ್ರಿಗಳಿವೆ.

1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ ಸೀಮೆಗೆ ಹೆಸರು ತಂದುದು ರೇಷ್ಮೆ. ಅಲ್ಲಿಯ ಒಂದು ಮನೆ. ಹುಳುಗಳು ನಾಲ್ಕನೆಯ ಜ್ವರ ಕಳೆದು, ಮಳೆ ಬಿದ್ದಂತೆ ಸದ್ದುಮಾಡುತ್ತ ಸೊಪ್ಪು ಮೇಯುತ್ತಿದ್ದವು. ಹೊರಗೂ ಜಡಿಮಳೆಯೇ. ಒಂದು ಬೆಳಗ್ಗೆ ತಟ್ಟೆಯ ಅಂಚಿನಲ್ಲಿ ಎರಡು ಹುಳು ಸೆಟೆದು ಬಿದ್ದಿದ್ದವು. ಅತ್ತೆ ಬಗ್ಗಿ ನೋಡಿದಳು.

“ಸುಣ್ಣಕಟ್ಟು ಕಣವ್ವ. ಬೆಳ್ಳಗಾಗೋಕೆ ಮುಂಚೆ ಆಯ್ದು ಸುಟ್ಟುಬುಡು.”

ಸೊಸೆಯ ಎದೆ ಧಸಕ್ಕೆಂದಿತು. ಆ ಗೂಡಿನ ಹಣದಲ್ಲಿಯೇ ಮಗನ ಶಾಲೆಯ ಶುಲ್ಕ, ಅದರಲ್ಲಿಯೇ ಸಾಲದ ಕಂತು.

ಇದು ಬ್ಯೂವೇರಿಯಾ ಎಂಬ ಬೂಷ್ಟಿನ ಕೆಲಸ. ತೇವವಿದ್ದಲ್ಲಿ ಅದರ ಬೀಜಕಣ ಹುಳುವಿನ ಚರ್ಮವನ್ನೇ ಕೊರೆದು ಒಳಹೊಗುತ್ತದೆ. ಹುಳುವಿನ ರಕ್ತದ ಮುಖ್ಯ ಸಕ್ಕರೆ ಮನುಷ್ಯನಲ್ಲಿರುವಂತೆ ಗ್ಲೂಕೋಸ್ ಅಲ್ಲ. ಎರಡು ಗ್ಲೂಕೋಸು ಬೆಸೆದ ಟ್ರೆಹಲೋಸ್. ಬೂಷ್ಟು ಅದನ್ನು ಒಡೆದು ಉಣ್ಣುತ್ತದೆ. ಆ ಸಿಹಿದ್ರವದಲ್ಲಿ ಅದಕ್ಕೆ ಎಳೆಯ ರೂಪ ಬೇಡ. ಹಿಟ್ಟು ಹುದುಗಿಸುವ ಯೀಸ್ಟಿನಂತೆ ಬಿಡಿಬಿಡಿ ಕಣಗಳಾಗಿ ತೇಲಿ ವೃದ್ಧಿಸುತ್ತದೆ. ಉಣ್ಣಲು ಒಳಗೆ ಏನೂ ಉಳಿಯದಾಗ, ಸತ್ತ ಹುಳುವಿನ ಚರ್ಮ ಸೀಳಿ ಬಿಳಿಯ ಎಳೆಗಳಾಗಿ ಹೊರಬಂದು ಬೀಜಕಣಗಳ ಪುಡಿ ಹೊದಿಸುತ್ತದೆ. ಬೆಳ್ಳಗಾದ ಒಂದು ಹುಳು ಇಡೀ ಮನೆಗೆ ಬೆಂಕಿ. ಅತ್ತೆಯ ಅವಸರಕ್ಕೆ ಅರ್ಥವಿತ್ತು.

ಇಟಲಿಯ ರೈತರೂ ಇದನ್ನು ಸುಣ್ಣದ ಹೆಸರಿನಿಂದಲೇ, ‘ಕಾಲ್ಚಿನೊ’ ಎಂದು ಕರೆದರು. ಇದಕ್ಕೆ ಬೂಷ್ಟೇ ಕಾರಣವೆಂದು 1835ರಲ್ಲಿ ಲೋಕಕ್ಕೆ ಸಾರಿದವನು ಅಗೊಸ್ಟಿನೊ ಬಾಸ್ಸಿ. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುವುದೆಂಬ ಸತ್ಯ ಪ್ಯಾಸ್ಚರನಿಗಿಂತ ಮೊದಲೇ ರೇಷ್ಮೆಹುಳುವಿನಿಂದ ತಿಳಿಯಿತು. ವಿಧಿಯ ವಿನೋದವೆಂದರೆ, ಕಾಫಿಯ ಕಾಯಿಕೊರಕವನ್ನು ಕೊಲ್ಲಲು ಇದೇ ಬೂಷ್ಟನ್ನು ಬೇಕೆಂದೇ ಸಿಂಪಡಿಸುತ್ತಾರೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಕಾಫಿ ಬೆಳೆಯುತ್ತದೆ; ಅಲ್ಲಿಯ ಗಿಡಕ್ಕೆ ಮಿತ್ರನಾಗಬಲ್ಲುದು ಇಲ್ಲಿಯ ತಟ್ಟೆಗೆ ಯಮ!

ಸೊಸೆ ಹಗಲಿರುಳು ಸತ್ತ ಹುಳುಗಳನ್ನಾಯ್ದು ಸುಟ್ಟಳು. ತೇವ ಹೀರಲು ಸುಣ್ಣದ ಪುಡಿ ಉದುರಿಸಿದಳು. ಸುಣ್ಣಕಟ್ಟಿಗೆ ಸುಣ್ಣವೇ ತಡೆ. ಕೊನೆಗೆ ಅರ್ಧ ಬೆಳೆ ಹಣ್ಣಾಗಿ ಚಂದ್ರಿಕೆ ಏರಿತು. ಶುಲ್ಕ ಸಂದಿತು, ಸಾಲ ನಿಂತಿತು.

“ಅರ್ಧ ಉಳೀತಲ್ಲವ್ವ” ಎಂದಳು ಅತ್ತೆ. ಸೊಸೆ ಮಾತಾಡಲಿಲ್ಲ, ಮುಂದಿನ ಬೆಳೆಗೆಂದು ತಟ್ಟೆಗಳನ್ನು ತೊಳೆದು ಬಿಸಿಲಿಗಿಟ್ಟಳು.